ಭಾವನ ಉಳಿತಾಯ ಮತ್ತು ಮೆಟ್ಟಿಲ ಲೈಟು

ನಮ್ಮ ಭಾವ ಮನೆ ಮಾಲೀಕರ ವಿರುದ್ಧ ಚಳವಳಿ ಮಾಡಿದರು ಎಂದು ನಮ್ಮ ಬೀದಿಯಲ್ಲಿ ಈಗಲೂ ಹೇಳುತ್ತಾರೆ. ಅಪ್ಪಟ ಸುಳ್ಳು. ಅವರು ಮಾಡಲು ಹೊರಟದ್ದು ಉಳಿತಾಯ. ಚಳವಳಿ ತಾನಾಗಿಯೇ ಬಂದು ಅವರ ಪಕ್ಕದಲ್ಲಿ ಕೂತುಕೊಂಡಿತು. ನಾನು ಅವರ ಹೆಂಡತಿಯ ತಮ್ಮ. ಅವರ ಮನೆಯಲ್ಲೇ ಉಂಡು, ಅವರ ಹಾಲಿನಲ್ಲೇ ಮಲಗಿ, ಎಲ್ಲವನ್ನೂ ಕಣ್ಣಾರೆ ಕಂಡವನು. ಇದಕ್ಕಿಂತ ದೊಡ್ಡ ಸಾಕ್ಷಿ ಯಾರಿಗೂ ಬೇಕಾಗಿಲ್ಲ.

ಭಾವನಿಗೆ ವಿದ್ಯುತ್ ಇಲಾಖೆಯಲ್ಲಿ ಮೀಟರ್ ಓದುವ ಕೆಲಸ. ಹೆಗಲಿಗೊಂದು ಚೀಲ, ಕೈಯಲ್ಲೊಂದು ಟಾರ್ಚು, ದಿನವಿಡೀ ಕಂಡವರ ಮನೆಯ ಗೋಡೆಯಲ್ಲಿರುವ ಅಂಕಿಗಳನ್ನು ನೋಡಿ ಬಿಲ್ಲು ಹರಿದುಕೊಡುವುದು. ಬೀದಿಯವರು ಅವರನ್ನು ಮೀಟರಪ್ಪ ಎನ್ನುತ್ತಾರೆ, ಎದುರಿಗಲ್ಲ. ನೌಕರರು ತಾವು ವಾಸವಿರುವ ಬೀದಿಯ ಮೀಟರು ತಾವೇ ಓದಬಾರದೆಂದು ಇಲಾಖೆಯಲ್ಲಿ ನಿಯಮವಿದೆ. ಆದ್ದರಿಂದ ನಮ್ಮ ಮನೆಯ ಬಿಲ್ಲು ಬೇರೆ ಯಾರೋ ಬರೆದು ಹೋಗುತ್ತಿದ್ದರು. ಅದು ಪ್ರತಿ ತಿಂಗಳೂ ಮೈದುಂಬಿ ಬರುತ್ತಿತ್ತು. ಭಾವ ಅದನ್ನು ಮೂರು ಸಲ ಓದಿ, ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದರು.

"ಫ್ಯಾನು," ಎನ್ನುತ್ತಿದ್ದರು. "ಮಧ್ಯಾಹ್ನ ಮಲಗ್ತಾನಲ್ಲ, ಆ ಫ್ಯಾನು."

ನಾನು ಆಗ ಕೆಲಸ ಹುಡುಕುವ ಕೆಲಸದಲ್ಲಿದ್ದೆ. ಅದರಲ್ಲಿ ಮಧ್ಯಾಹ್ನದ ಹೊತ್ತು ವಿರಾಮ ಬೇಕಾಗುತ್ತದೆ. ಆದರೆ ಅನ್ನ ಹಾಕಿದವರ ಮುಂದೆ ಇಂಥ ವಿಚಾರವನ್ನು ವಾದಿಸಲಾಗುವುದಿಲ್ಲ. ವರ್ಷಗಟ್ಟಲೆ ಆ ಅಪವಾದವನ್ನು ಹೊತ್ತೆ.

ನಾವಿದ್ದದ್ದು ಮೂರು ಅಂತಸ್ತಿನ ಕಟ್ಟಡದ ಮಧ್ಯದ ಅಂತಸ್ತಿನಲ್ಲಿ. ಎದುರು ಬಾಗಿಲಲ್ಲಿ ಡ್ರೈವಿಂಗ್ ಮೇಷ್ಟ್ರು, ಮೇಲೆ ನಿವೃತ್ತರಾದ ಟೀಚರಮ್ಮ, ಕೆಳಗೆ ಮಾಲೀಕರು. ಮಾಲೀಕರು ಹಿಂದೆ ಬಣ್ಣದ ವ್ಯಾಪಾರ ಮಾಡುತ್ತಿದ್ದರಂತೆ. ಈಗ ಮಾಲೀಕರಾಗಿರುವುದೇ ಅವರ ಪೂರ್ತಿ ಹೊತ್ತಿನ ಉದ್ಯೋಗ. ಒಂದು ಭಾನುವಾರ ಬೆಳಿಗ್ಗೆ ಅವರು ಬನಿಯನ್ನಿನಲ್ಲೇ ಮೇಲೆ ಬಂದು, ನಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಮುಂದಿನ ತಿಂಗಳಿಂದ ಬಾಡಿಗೆ ಹೆಚ್ಚು ಎಂದರು. ಎಷ್ಟು ಹೆಚ್ಚು ಎಂದು ಹೇಳಿದಾಗ ಅಕ್ಕನ ಹೊಲಿಗೆ ಮೆಷೀನು ನಿಂತಿತು.

"ಯಾಕೆ ಅಂತ ಕೇಳ್ಬೇಡಿ," ಎಂದರು ಮಾಲೀಕರು. "ನೀರು ಕೊಡ್ತೀನಿ. ಟೆರೇಸ್ ಕೊಟ್ಟಿದೀನಿ. ಮೆಟ್ಟಿಲಿಗೆ ಹಗಲೂ ರಾತ್ರಿ ಲೈಟು, ಅದೂ ನನ್ನ ಖರ್ಚಲ್ಲಿ. ಯಾರು ಮಾಡ್ತಾರೆ ಈ ಕಾಲದಲ್ಲಿ? ಆಗಲ್ಲ ಅಂದ್ರೆ ಬೇರೆ ನೋಡ್ಕೊಳಿ, ನನ್ನದೇನೂ ಬಲವಂತ ಇಲ್ಲ."

ಇದು ಬರಿಯ ಬಾಡಿಗೆಯ ಮಾತಾಗಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ. ಅಕ್ಕ ಆ ಮನೆಗೆ ಬಂದಾಗ ಬೀದಿಯ ಒಬ್ಬರೂ ಅವಳ ಬಾಗಿಲು ತಟ್ಟುತ್ತಿರಲಿಲ್ಲ. ಒಂದು ಶಾಲೆಯ ಲಂಗ, ಒಂದು ಪರದೆ, ಒಂದು ಸಡಿಲವಾದ ಪ್ಯಾಂಟು ಎಂದು ಒಬ್ಬೊಬ್ಬರನ್ನೇ ಹಿಡಿದು, ಹೇಳಿದ ದಿನಕ್ಕೆ ಹೊಲಿದು ಕೊಟ್ಟು, ಬೀದಿಯ ಅರ್ಧ ಜನರ ಮೈಯಳತೆಯನ್ನು ಬಾಯಿಪಾಠ ಮಾಡಿಕೊಂಡಿದ್ದಳು. ಮಗಳು ಪುಟ್ಟಿಯ ಶಾಲೆ ನಡೆಯುತ್ತಿದ್ದದ್ದು ಆ ಮೆಷೀನಿನಿಂದ.

"ಮನೆ ಬಿಟ್ಟರೆ ಮೆಷೀನು ಜೊತೇಲಿ ಬರುತ್ತೆ," ಎಂದಳು ಅಕ್ಕ, ಮಾಲೀಕರು ಇಳಿದುಹೋದ ಮೇಲೆ. "ಗಿರಾಕಿ ಬರಲ್ಲ. ನಾನು ಹೋಗಿ ಕೇಳ್ತೀನಿ ರೀ, ಸ್ವಲ್ಪ ಕಡಿಮೆ ಮಾಡ್ಕೊಳಿ ಅಂತ."

"ಆ ಮನುಷ್ಯನ ಮುಂದೆ ನಮ್ಮನೇಯವರು ಯಾರೂ ಕೈ ಕಟ್ಟಿ ನಿಲ್ಲೋದಿಲ್ಲ," ಎಂದರು ಭಾವ. "ಕೇಳಿದಷ್ಟೂ ಕೊಡ್ತೀನಿ. ಮುಖಕ್ಕೆ ಹಿಡಿದು ಕೊಡ್ತೀನಿ."

"ಎಲ್ಲಿಂದ?"

"ಈ ಮನೆಯಿಂದಾನೇ," ಎಂದರು ಭಾವ, ಗೋಡೆಗಳನ್ನು ಒಮ್ಮೆ ಸುತ್ತಲೂ ನೋಡಿ. "ಎಷ್ಟು ಪೋಲಾಗ್ತಿದೆ ಗೊತ್ತಾ ನಿನಗೆ? ಹನಿ ಹನಿಗೂಡಿದರೆ ಹಳ್ಳ."

ಹಳ್ಳದ ಕೆಲಸ ಅಂದೇ ಶುರುವಾಯಿತು. ಸವೆದ ಸೋಪಿನ ಚೂರುಗಳನ್ನೆಲ್ಲ ಒದ್ದೆ ಮಾಡಿ ಒತ್ತಿ ಒಂದೇ ಉಂಡೆ ಮಾಡಲಾಯಿತು. ಅದಕ್ಕೆ ನಾಲ್ಕು ಬಣ್ಣ, ಆರು ವಾಸನೆ. ಮೈಗೆ ಹಚ್ಚಿದರೆ ಯಾವ ಭಾಗ ಬಟ್ಟೆ ಸೋಪು ಎಂದು ಚರ್ಮವೇ ಹೇಳುತ್ತಿತ್ತು. ಟೂತ್‌ಪೇಸ್ಟಿನ ಟ್ಯೂಬನ್ನು ಕತ್ತರಿಯಿಂದ ಸೀಳಿ, ಒಳಮೈಯನ್ನು ಬ್ರಷ್ಷಿನಿಂದ ಗೋರಿಕೊಳ್ಳಬೇಕೆಂದಾಯಿತು. ಗ್ಯಾಸಿನ ಮೇಲೆ ಒಂದೇ ಒಂದು ಪಾತ್ರೆ ಇಡುವುದು ಅಪರಾಧವಾಯಿತು. ಒಂದರ ಮೇಲೊಂದು ಮೂರು ಏರಿಸಬೇಕು. ಮೇಲಿನದು ಬೇಯುವ ಹೊತ್ತಿಗೆ ಕೆಳಗಿನದು ತಳ ಹಿಡಿಯುತ್ತಿತ್ತು. ಪೇಪರು ನಿಂತಿತು. ಭಾವ ಕ್ಷೌರದಂಗಡಿಗೆ ಹೋಗಿ, ಕ್ಷೌರ ಮಾಡಿಸಿಕೊಳ್ಳದೆ, ಸರದಿಯಲ್ಲಿ ಕೂತು ಪೇಪರು ಓದಿ, ತಮ್ಮ ಸರದಿ ಬಂದಾಗ ಎದ್ದು ಬರುತ್ತಿದ್ದರು. ನನ್ನ ಟೀ ಅರ್ಧ ಲೋಟಕ್ಕೆ ಇಳಿಯಿತು. ಲೋಟವನ್ನೇ ಚಿಕ್ಕದು ಮಾಡಿ ತುಂಬಿಸಿ ಕೊಡು ಎಂದು ಅಕ್ಕನಿಗೆ ಗುಟ್ಟಾಗಿ ಹೇಳಿದೆ, ಮರ್ಯಾದೆಯ ದೃಷ್ಟಿಯಿಂದ.

ಇಷ್ಟೆಲ್ಲ ಆದರೂ ಹಳ್ಳ ತುಂಬುವ ಲಕ್ಷಣ ಕಾಣಲಿಲ್ಲ. ಒಂದು ಸಂಜೆ ಭಾವ ಕೆಲಸದಿಂದ ಬಂದವರು ಮನೆಯೊಳಗೆ ಕಾಲಿಡದೆ, ಬಾಗಿಲಾಚೆ ಮೆಟ್ಟಿಲ ತಿರುವಿನಲ್ಲೇ ನಿಂತುಬಿಟ್ಟರು. ತಿರುವೆಂದರೆ ಎರಡು ಬಾಗಿಲುಗಳ ನಡುವೆ ಒಂದು ಸಣ್ಣ ಕೋಣೆಯಷ್ಟು ಜಾಗ. ಮೇಲೆ ಕಬ್ಬಿಣದ ಬುಟ್ಟಿಯೊಳಗೆ ಒಂದು ದೈತ್ಯ ಬಲ್ಬು. ಮಾಲೀಕರ ತಂದೆ ಹಾಕಿಸಿದ್ದಂತೆ. ಬಾಡಿಗೆಯವರು ಆರಿಸಿಬಿಟ್ಟಾರೆಂದು ಸ್ವಿಚ್ಚೇ ಇಡಿಸಿರಲಿಲ್ಲ. ಹಗಲೂ ರಾತ್ರಿ ಅದು ಉರಿಯುತ್ತಲೇ ಇತ್ತು.

"ಎಂಥಾ ಬೆಳಕಯ್ಯಾ," ಎಂದರು ಭಾವ ನನ್ನನ್ನು ಕರೆದು. "ಕೆಳಗೆ ಯಾರೂ ಇಲ್ಲದಿದ್ರೂ ಉರಿಯುತ್ತೆ, ನಾಲ್ಕು ಜನ ಇದ್ರೂ ಅಷ್ಟೇ ಉರಿಯುತ್ತೆ. ಖರ್ಚು ಅವನದು. ಒಳಗೆ ನಾವು ಮೂರು ಲೈಟು ಹಾಕ್ಕೊಂಡು ಕೂತಿದೀವಿ, ಮೂರ್ಖರ ಥರ."

ಮರುಸಂಜೆ ಮನೆಯೊಳಗಿನ ದೀಪಗಳೆಲ್ಲ ಆರಿದವು. ನಾನೂ ಭಾವನೂ ಸೇರಿ ಮೆಷೀನನ್ನು ಹೊರಗೆ ಎತ್ತಿಟ್ಟೆವು. ಅಕ್ಕ ಹೊಲಿಯಲು ಕೂತಳು. ಪುಟ್ಟಿ ಮೆಟ್ಟಿಲ ಮೇಲೆ ಲೆಕ್ಕ ಮಾಡುತ್ತ ಕೂತಳು. ಭಾವ ಚಾಪೆ ಹಾಸಿ ತರಕಾರಿ ಹೆಚ್ಚಲು ತೊಡಗಿದರು. ನಾನು ಗೋಡೆಗೊರಗಿ, ಕೆಲಸ ಹುಡುಕುವ ಮುಖ ಮಾಡಿಕೊಂಡೆ. ಒಂದು ಸಂಸಾರ ಚೀಲ ಮಗುಚಿದ ಹಾಗೆ ಮೆಟ್ಟಿಲ ಮೇಲೆ ಬಿದ್ದಿತ್ತು.

ಅದೇ ಹೊತ್ತಿಗೆ ಟೀಚರಮ್ಮ ಮೇಲಿನಿಂದ ಇಳಿದು ಬಂದರು. ಮೆಷೀನು ನೋಡಿದರು, ಚಾಪೆ ನೋಡಿದರು, ನಮ್ಮ ಮನೆಯ ಕತ್ತಲಾದ ಕಿಟಕಿ ನೋಡಿದರು.

"ಏನಪ್ಪಾ ಇದು? ಸಾಮಾನೆಲ್ಲ ಹೊರಗೆ?"

ಭಾವನಿಗೆ ಜೀವ ಹೋದರೂ, ಕರೆಂಟು ಉಳಿಸಲು ಬೀದಿಗೆ ಬಿದ್ದಿದ್ದೇವೆ ಎಂದು ಬಾಯಿಬಿಡುವ ಮನಸ್ಸಿಲ್ಲ. ವಿದ್ಯುತ್ ಇಲಾಖೆಯ ಮಾನದ ಪ್ರಶ್ನೆ. "ನಮ್ಮಿಷ್ಟ ಟೀಚರಮ್ಮ," ಎಂದರು.

"ಬಾಡಿಗೆ ವಿಷಯಾನಾ?"

"ಇನ್ನೇನು ಮತ್ತೆ."

"ಮಗೂನೂ ಕೂರಿಸಿದೀರಲ್ಲಪ್ಪಾ. ಎಷ್ಟು ದಿನ ಹೀಗೆ?"

"ಬಾಡಿಗೆ ವಿಷಯ ಒಂದು ದಡ ಸೇರೋವರೆಗೂ," ಎಂದರು ಭಾವ, ಈರುಳ್ಳಿ ಹೆಚ್ಚುತ್ತ. ಈರುಳ್ಳಿಯ ದೆಸೆಯಿಂದ ಅವರ ಕಣ್ಣಲ್ಲಿ ನೀರು ಧಾರಾಳವಾಗಿ ಇಳಿಯುತ್ತಿತ್ತು.

ಟೀಚರಮ್ಮ ಆ ಕಣ್ಣೀರನ್ನು ನೋಡಿದರು. ಪುಟ್ಟಿಯ ತಲೆ ಸವರಿ, ಇಳಿಯಬೇಕಾದವರು ಇಳಿಯದೆ ಹಾಗೇ ಮೇಲಕ್ಕೆ ಹೋದರು. ನಾನು ಅವರು ಏನೋ ಮರೆತು ಬಂದಿದ್ದಾರೆಂದುಕೊಂಡೆ.

ಮಾರನೆಯ ಸಂಜೆ ನಾವು ಚಾಪೆ ಹಾಸುವ ಹೊತ್ತಿಗೆ ಅಲ್ಲಿ ಆಗಲೇ ಒಂದು ಕುರ್ಚಿ ಇತ್ತು. ಅದರ ಮೇಲೆ ಟೀಚರಮ್ಮ ನೆಟ್ಟಗೆ ಕೂತಿದ್ದರು. ಕೈಯಲ್ಲಿ ಹೆಣಿಗೆ.

"ನಲವತ್ತು ವರ್ಷ ಮಕ್ಕಳಿಗೆ ಧೈರ್ಯವಾಗಿರಿ ಅಂತ ಪಾಠ ಹೇಳಿದೀನಿ," ಎಂದರು. "ನಾನು ಮಾತ್ರ ಆ ಮನುಷ್ಯ ಕೇಳಿದ ತಕ್ಷಣ ಹೂಂ ಅಂದ್ಬಿಟ್ಟೆ. ರಾತ್ರಿಯೆಲ್ಲ ನಾಚಿಕೆಯಾಯ್ತು. ನಾನೂ ಕೂರ್ತೀನಿ. ಏಳಿಸೋಕೆ ಬರಲಿ, ನೋಡ್ತೀನಿ."

ಭಾವ ಬಾಯಿ ತೆರೆದರು. ಅಷ್ಟರಲ್ಲಿ ಎದುರು ಬಾಗಿಲು ತೆರೆದು ಡ್ರೈವಿಂಗ್ ಮೇಷ್ಟ್ರು ಒಂದು ಬೆಂಚನ್ನು ತಳ್ಳಿಕೊಂಡು ಹೊರಬಂದರು. ಹಿಂದೆ ಅವರ ಹೆಂಡತಿ ಎರಡು ದಿಂಬು ಹಿಡಿದು ಬಂದರು.

"ಸ್ವಲ್ಪ ಎಡಕ್ಕೆ, ಎಡಕ್ಕೆ, ಹಾಂ, ನಿಲ್ಲಿಸಿ," ಎಂದು ಮೇಷ್ಟ್ರು ತಮಗೆ ತಾವೇ ಹೇಳಿಕೊಂಡು ಬೆಂಚು ನಿಲ್ಲಿಸಿದರು. ಆಮೇಲೆ ಭಾವನ ಕೈ ಹಿಡಿದು ಕುಲುಕಿದರು. "ಮೀಟರ್ ಸಾಹೇಬ್ರೇ, ನಾನು ನಿಮ್ಮನ್ನ ಇಷ್ಟು ದಿನ ತಪ್ಪು ತಿಳಿದಿದ್ದೆ. ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಅಂತ ಕಾಯ್ತಿದ್ವಿ, ನೀವು ಸಂಸಾರ ಸಮೇತ ಕಟ್ಟಿದ್ರಿ. ಇನ್ನು ಗೇರ್ ಹಾಕಿದ್ದಾಗಿದೆ, ಹಿಂದೆ ನೋಡೋ ಹಾಗಿಲ್ಲ."

ಭಾವ ಅಡುಗೆಮನೆಗೆ ಓಡಿದರು. ಕತ್ತಲಲ್ಲಿ ಬಕೆಟ್ಟಿಗೆ ಕಾಲು ಬಡಿದ ಸದ್ದಾಯಿತು. ಅಕ್ಕನೂ ನಾನೂ ಹಿಂದೆಯೇ ಹೋದೆವು.

"ಇವರೆಲ್ಲ ಏನೋ ಅಂದ್ಕೊಂಡಿದಾರೆ ಕಣೇ," ಎಂದು ಪಿಸುಗುಟ್ಟಿದರು ಭಾವ. "ನಾನು ಮಾಲೀಕನ ವಿರುದ್ಧ ಧರಣಿ ಕೂತಿದೀನಿ ಅಂತ. ಹೋಗಿ ನಿಜ ಹೇಳ್ಬಿಡೋಣ. ಕರೆಂಟು ಉಳಿಸ್ತಿದ್ವಿ ಅಷ್ಟೇ ಅಂತ."

ಅಕ್ಕ ಬಾಗಿಲತ್ತ ತಿರುಗಿ ನೋಡಿದಳು. ಹೊರಗೆ ಮೇಷ್ಟ್ರ ಹೆಂಡತಿ ಮೆಷೀನಿನ ಪಕ್ಕ ದಿಂಬು ಜೋಡಿಸುತ್ತಿದ್ದದ್ದು ಬಾಗಿಲಿಂದ ಕಾಣುತ್ತಿತ್ತು.

"ನೀವು ಒಂದು ಮಾತೂ ಆಡ್ಕೂಡದು," ಎಂದಳು ಆಮೇಲೆ. "ನಾನು ಹೋಗಿ ಕೇಳ್ತೀನಿ ಅಂದಾಗ ಬಿಡ್ಲಿಲ್ಲ. ಕೈ ಕಟ್ಟಿ ನಿಲ್ಲಬಾರದು ಅಂದ್ರಿ. ಸರಿ, ನಿಲ್ಲಲ್ಲ. ಕೂತ್ಕೋತೀನಿ. ಈ ಜಾಗ ಬಿಟ್ಟು ಹೋಗೋಕೆ ನಾನು ಇಷ್ಟು ವರ್ಷ ಕಾಲು ಸವೆಸಿಲ್ಲ. ಬನ್ನಿ, ಬಂದು ಕೂತ್ಕೊಳಿ."

"ನನ್ನ ನೌಕರಿ ಕಣೇ."

"ನೌಕರಿ ಮಾಡೋರು ಮೆಟ್ಟಿಲ ಮೇಲೆ ಕೂರಬಾರದು ಅಂತ ಎಲ್ಲಿದೆ? ಮುಖ ಮಾತ್ರ ಗಟ್ಟಿಯಾಗಿಟ್ಕೊಳಿ."

ಭಾವ ಮುಖ ಗಟ್ಟಿ ಮಾಡಿಕೊಂಡರು. ಅದು ಹಲ್ಲುನೋವಿನವರ ಮುಖದಂತೆ ಕಂಡಿತಾದರೂ, ಕೂತ ಜನ ಅದನ್ನು ಛಲವೆಂದೇ ತಿಳಿದರು. ಒಳ್ಳೆಯ ಹೆಸರು ಬರುವ ಕಾಲಕ್ಕೆ ಹಲ್ಲುನೋವೂ ಉಪಯೋಗಕ್ಕೆ ಬರುತ್ತದೆ.

ಸುದ್ದಿಗೆ ಕಾಲು ಬಂತು. ಬೀದಿಯ ಕೊನೆ ಮುಟ್ಟುವ ಹೊತ್ತಿಗೆ ನಮ್ಮನ್ನು ಮನೆಯಿಂದ ಹೊರಹಾಕಿದ್ದಾರೆ ಎಂದಾಗಿತ್ತು. ಊರಾಚೆ ಮುಟ್ಟುವ ಹೊತ್ತಿಗೆ ನಾವು ಹಸಿದಿದ್ದೇವೆ ಎಂದಾಗಿತ್ತು. ಮೂರನೆಯ ಸಂಜೆ ಭಾವನ ಅಣ್ಣ ಒಂದು ತಳ್ಳುಗಾಡಿ, ಎರಡು ಸುರುಳಿ ಹಗ್ಗ, ಒಂದು ಬುಟ್ಟಿ ಬಾಳೆಹಣ್ಣು ಸಮೇತ ಬಂದಿಳಿದರು. ಮೆಟ್ಟಿಲೇರಿ ಬಂದವರೇ ಯಾರನ್ನೂ ಮಾತಾಡಿಸದೆ ಮೆಷೀನಿಗೆ ಹಗ್ಗ ಬಿಗಿಯತೊಡಗಿದರು.

"ಅಣ್ಣಾ, ಏನು ಮಾಡ್ತಿದೀಯ?" ಎಂದರು ಭಾವ.

"ಮಾತಾಡ್ಬೇಡ. ಎಲ್ಲ ಗೊತ್ತಾಯ್ತು. ನಮ್ಮನೇಲಿ ಒಂದು ರೂಮು ಖಾಲಿ ಮಾಡಿಸಿದೀನಿ. ನಿಮ್ಮತ್ತಿಗೆ ಎರಡು ದಿನ ಗೊಣಗ್ತಾಳೆ, ಮೂರನೇ ದಿನ ಅಭ್ಯಾಸ ಆಗುತ್ತೆ. ಇವನು," ಎಂದು ನನ್ನ ಕಡೆ ನೋಡಿ, "ಇವನಿಗೆ ಜಾಗ ಇಲ್ಲ."

"ಭಾವ, ಹಗ್ಗ ಬಿಚ್ಚಿ," ಎಂದಳು ಅಕ್ಕ. ಗಂಡನ ಅಣ್ಣನೆಂದು ಇಷ್ಟು ವರ್ಷ ಅವರೆದುರು ಅವಳ ದನಿ ಎದ್ದದ್ದಿಲ್ಲ. "ಯಾರೂ ನಮ್ಮನ್ನ ಹೊರಗೆ ಹಾಕಿಲ್ಲ. ನಾವಾಗಿ ಬಂದು ಕೂತಿದೀವಿ. ಹಾಕೋಕೆ ಬರೋರಿಗೇ ಕಾಯ್ತಿದೀವಿ."

ದೊಡ್ಡ ಭಾವ ಅವಳನ್ನೂ ತಮ್ಮನನ್ನೂ ನೋಡಿದರು. ಹಗ್ಗ ಬಿಚ್ಚಿದರು. ಸುಮ್ಮನೆ ಹೋಗಲು ಮನಸ್ಸು ಬಾರದೆ ಬೆಂಚಿನ ತುದಿಯಲ್ಲಿ ಕೂತರು. ಬಾಳೆಹಣ್ಣು ಎಲ್ಲರಿಗೂ ಹಂಚಿದರು. ನನಗೂ ಕೊಟ್ಟರು, ಚಿಕ್ಕದು.

ಕೆಳಗೆ ಮಾಲೀಕರು ಈ ಮೂರು ದಿನ ಬಾಗಿಲ ಸಂದಿಯಿಂದ ನೋಡುತ್ತಿದ್ದರು. ಮೆಟ್ಟಿಲ ಮೇಲೆ ಜನ ಹೆಚ್ಚಿದಂತೆ ಸಂದಿ ಕಿರಿದಾಗುತ್ತಿತ್ತು. ಜನ ಕೂಗಿದ್ದರೆ ಅವರೂ ಕೂಗುತ್ತಿದ್ದರು. ಇವರು ಹೊಲಿಯುತ್ತ, ಹೆಣೆಯುತ್ತ, ಬಾಳೆಹಣ್ಣು ತಿನ್ನುತ್ತ ಕೂತಿದ್ದಾರೆ. ಇದಕ್ಕೆ ಏನೆಂದು ದೂರು ಕೊಡುವುದು? ಕೊನೆಗೆ ಅವರಿಗೊಂದು ಹೊಳೆಯಿತು. ನಾಲ್ಕನೆಯ ಸಂಜೆ ಒಬ್ಬ ಪೊಲೀಸ್ ಪೇದೆಯನ್ನು ಜೊತೆಗಿಟ್ಟುಕೊಂಡು ಮೇಲೆ ಬಂದರು. ಅಂದು ಬನಿಯನ್ನಲ್ಲ, ಇಸ್ತ್ರಿ ಮಾಡಿದ ಅಂಗಿ.

"ಇವರೇ," ಎಂದು ಭಾವನನ್ನು ತೋರಿಸಿದರು.

ಪೇದೆ ದಪ್ಪನೆಯ, ದಣಿದ ಮನುಷ್ಯ. "ನಿಮ್ಮ ಮೇಲೆ ದೂರಿದೆ ಸಾರ್," ಎಂದರು. "ಕರೆಂಟ್ ಕಳ್ಳತನ."

ಭಾವನ ಕೈಯಿಂದ ಈರುಳ್ಳಿ ಜಾರಿ, ಮೆಟ್ಟಿಲಿಂದ ಮೆಟ್ಟಿಲಿಗೆ ನೆಗೆಯುತ್ತ ಕೆಳಗೆ ಹೋಯಿತು. ಅದು ತಳ ಮುಟ್ಟುವವರೆಗೆ ಎಲ್ಲರೂ ಅದನ್ನೇ ನೋಡಿದರು. ಮೀಟರ್ ಓದುವವನ ಮೇಲೆ ಕರೆಂಟ್ ಕಳ್ಳತನದ ದೂರೆಂದರೆ ಇಲಾಖೆಯಲ್ಲಿ ಮತ್ತೆ ತಲೆಯೆತ್ತುವಂತಿಲ್ಲ. ನೌಕರಿಯೂ ಹೋಯಿತು, ಮನೆಯೂ ಹೋಯಿತು. ನನಗೆ ಮೊದಲ ಸಲ ನಿಜವಾಗಿ ಹೆದರಿಕೆಯಾಯಿತು.

"ಕದ್ದಿಲ್ಲ ಸಾರ್. ಲೈಟಿನ ಕೆಳಗೆ ಕೂತಿದೀವಿ."

"ಬೆಳಕು ಉಪಯೋಗಿಸಿದ್ರಿ ತಾನೇ?"

"ಬಿದ್ದಿತ್ತು. ಉಪಯೋಗಿಸಿದ್ವಿ."

"ನೋಡಿ, ಒಪ್ಕೊಂಡ್ರು," ಎಂದರು ಮಾಲೀಕರು. "ಮೆಟ್ಟಿಲು ನಂದು, ಗೋಡೆ ನಂದು, ಲೈಟು ನಂದು. ಲೈಟು ಯಾರದೋ ಜಾಗಾನೂ ಅವರದೇ. ನನ್ನ ಕರೆಂಟಲ್ಲಿ ಕೂತು, ನನ್ನ ಮೇಲೇ ಕತ್ತಿ ಮಸೀತಿದಾರೆ. ಆ ಮೆಷೀನು ಓಡ್ತಿರೋದು ನನ್ನ ದುಡ್ಡಲ್ಲಿ."

"ಮೆಷೀನು ಓಡ್ತಿರೋದು ನನ್ನ ಕಾಲಲ್ಲಿ," ಎಂದಳು ಅಕ್ಕ, ತುಳಿಯುತ್ತಲೇ. "ಸಾರ್, ನಿಮ್ಮ ತೋಳಿನ ಹೊಲಿಗೆ ಬಿಟ್ಟಿದೆ. ಕೊಡಿ ಇಲ್ಲಿ."

ಪೇದೆ ತೋಳು ನೋಡಿಕೊಂಡರು. ಎರಡು ಸಲ ಹೇಳಿಸಿಕೊಳ್ಳದೆ ಮೆಷೀನಿನ ಪಕ್ಕ ಬಗ್ಗಿ, ತೋಳನ್ನು ಸೂಜಿಯ ಕೆಳಗೆ ಚಾಚಿದರು. ಅಂಗಿ ಬಿಚ್ಚದೆಯೇ ಹೊಲಿಯುವುದು ನಮ್ಮಕ್ಕನಿಗೆ ಲೀಲಾಜಾಲ. ಒಂದು ತೋಳು ಸಿಕ್ಕಿಹಾಕಿಕೊಂಡ ಸ್ಥಿತಿಯಲ್ಲೇ ಪೇದೆ ವಿಚಾರಣೆ ಮುಂದುವರಿಸಿದರು.

"ಇಷ್ಟಕ್ಕೂ ನಿಮ್ಮ ಲೈಟಾದ್ರೆ ಆರಿಸಿಬಿಡಿ ಮಾಲೀಕರೇ. ಕತ್ತಲಾದ್ರೆ ಎಲ್ಲರೂ ಮನೆ ಸೇರ್ತಾರೆ. ನಾನೂ ಸೇರ್ತೀನಿ."

"ಅದಕ್ಕೆ ಸ್ವಿಚ್ಚಿಲ್ಲ."

"ಮೇನ್ ಇದೆಯಲ್ಲ, ಅದನ್ನ ತೆಗೀರಿ."

"ಆರಿಸಿ, ಆರಿಸಿ," ಎಂದರು ಟೀಚರಮ್ಮ. "ಮೇಣದ ಬತ್ತಿ ತರ್ತೀವಿ. ಅದೂ ನಿಮ್ಮದೇ ಅಂತ ಹೇಳ್ಬೇಡಿ ಮತ್ತೆ."

ಮಾಲೀಕರ ಮುಖ ಕೆಂಪಾಯಿತು. ಧಡಧಡ ಇಳಿದರು. ಮೆಟ್ಟಿಲ ಬುಡದಲ್ಲಿ ಮರದ ಪೆಟ್ಟಿಗೆಯಲ್ಲಿ ನಾಲ್ಕೂ ಮನೆಯ ಮೀಟರು, ನಾಲ್ಕು ಮೇನ್ ಸ್ವಿಚ್ಚುಗಳಿದ್ದವು. ನಾವೆಲ್ಲ ಕಂಬಿಯ ಮೇಲೆ ಬಗ್ಗಿ ನೋಡಿದೆವು. ಪೇದೆಯೂ ಹೊಲಿದ ತೋಳು ಬಿಡಿಸಿಕೊಂಡು ಇಳಿದರು. ಮಾಲೀಕರು ಒಮ್ಮೆ ಮೇಲೆ ನೋಡಿ, "ನೋಡ್ಕೊಳಿ," ಎಂದು ತಮ್ಮ ಮೇನ್ ಎಳೆದರು.

ಮಾಲೀಕರ ಮನೆ ಪೂರ್ತಿ ಕತ್ತಲಾಯಿತು. ಒಳಗೆ ಟಿವಿಯಲ್ಲಿ ಯಾರೋ ಅಳುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿದರು. "ಯಾರ್ರೀ ಅದು ಕರೆಂಟು ತೆಗೆದಿದ್ದು?" ಎಂದು ಅವರ ಹೆಂಡತಿಯ ದನಿ ಕೇಳಿತು.

ಮೆಟ್ಟಿಲ ಬಲ್ಬು ಉರಿಯುತ್ತಲೇ ಇತ್ತು.

ಮಾಲೀಕರು ಮೇನ್ ಹಾಕಿದರು, ಮತ್ತೆ ತೆಗೆದರು. ಟಿವಿಯವಳು ಎರಡು ಕ್ಷಣ ಅತ್ತು ಮತ್ತೆ ನಿಲ್ಲಿಸಿದಳು. ಬಲ್ಬು ಕಣ್ಣು ಸಹ ಮಿಟುಕಿಸಲಿಲ್ಲ.

"ಇದು ಯಾವುದಕ್ಕೆ ಸೇರಿದ್ದು ಹಾಗಾದ್ರೆ?" ಎಂದರು ಪೇದೆ. ಅವರ ದಣಿವು ಎತ್ತಲೋ ಹೋಗಿತ್ತು.

ಆಗ ನಾನು ಭಾವನ ಮುಖ ನೋಡಿದೆ. ಅದು ನಿಧಾನವಾಗಿ ಬಿಳಿಚುತ್ತಿತ್ತು. ಹತ್ತು ಸಾವಿರ ಮನೆಯ ತಂತಿ ಬಲ್ಲವರು ತಮ್ಮ ಮನೆಯ ತಂತಿ ಎಲ್ಲಿಗೆ ಹೋಗಿದೆ ಎಂದು ಒಂದು ದಿನವೂ ತಲೆಯೆತ್ತಿ ನೋಡಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಹೇಳಿದ್ದು ನಮ್ಮ ಭಾವನನ್ನು ನೋಡಿಯೇ ಇರಬೇಕು. ಅವರು ಒಂದೊಂದೇ ಮೆಟ್ಟಿಲು ಇಳಿದು, ಪೆಟ್ಟಿಗೆಯ ಮುಂದೆ ನಿಂತು, ನಮ್ಮ ಮನೆಯ ಮೇನ್ ಸ್ವಿಚ್ಚಿಗೆ ಕೈ ಹಾಕಿದರು. ಎಳೆದರು.

ಕಟ್ಟಡದ ಮೂರೂ ಅಂತಸ್ತಿನ ಮೆಟ್ಟಿಲುಗಳು ಕಗ್ಗತ್ತಲಾದವು.

ಮೊದಲು ಮಾತಾಡಿದವನು ನಾನು. ಇಷ್ಟು ವರ್ಷ ತಡೆದಿದ್ದೆ. "ಫ್ಯಾನಲ್ಲ," ಎಂದೆ. "ಭಾವ, ಫ್ಯಾನಲ್ಲ."

"ಸುಮ್ನಿರೋ," ಎಂದಳು ಅಕ್ಕ.

"ಇಷ್ಟು ವರ್ಷ," ಎಂದು ಭಾವ ಕೆಳಗಿನಿಂದ ಗೊಣಗತೊಡಗಿದರು, "ಹಗಲೂ ರಾತ್ರಿ, ಆ ದೈತ್ಯ ಬಲ್ಬು, ದಿನಕ್ಕೆ ಇಷ್ಟು ಯೂನಿಟ್ಟು ಅಂದ್ರೆ, ತಿಂಗಳಿಗೆ—"

"ನೀವೂ ಸುಮ್ನಿರಿ," ಎಂದಳು ಅಕ್ಕ. "ಲೈಟ್ ಹಾಕ್ಬೇಡಿ. ಕೈ ತೆಗೀರಿ ಅಲ್ಲಿಂದ."

ಕತ್ತಲಲ್ಲಿ ಪೇದೆ ಗಂಟಲು ಸರಿಮಾಡಿಕೊಂಡರು. "ಮಾಲೀಕರೇ, ಕರೆಂಟ್ ಕಳ್ಳತನ ಅಂತ ದೂರು ಕೊಟ್ಟಿದೀರ. ಅದು ಹಾಗೇ ಇರುತ್ತೆ. ಹೆಸರು ಮಾತ್ರ ಬದಲಾಯಿಸ್ಬೇಕಾಗುತ್ತೆ."

"ನನಗೆ ಗೊತ್ತಿರ್ಲಿಲ್ಲ ಸಾರ್. ನಮ್ಮಪ್ಪ ಮಾಡಿಸಿದ್ದು ಅದು."

ಗೊತ್ತಿತ್ತೋ ಇಲ್ಲವೋ ನಾನು ಹೇಳಲಾರೆ. ಬೆಂಕಿಕಡ್ಡಿ ಎಣಿಸುವ ಮನುಷ್ಯ ಹಗಲೂ ಉರಿಯುವ ಬಲ್ಬನ್ನು ಸುಮ್ಮನೆ ಬಿಟ್ಟಿದ್ದ ಎನ್ನುವುದನ್ನು ಮಾತ್ರ ಗಮನಿಸಿ. ಅಕ್ಕ ಆ ಚರ್ಚೆಗೇ ಹೋಗಲಿಲ್ಲ. ಮೇಲಿನಿಂದ ಅವಳ ದನಿ ಇಳಿದುಬಂತು. ಅಳತೆ ತೆಗೆದುಕೊಳ್ಳುವಾಗ ಗಿರಾಕಿಯನ್ನು ಕೇಳುತ್ತಾಳಲ್ಲ, ಅದೇ ನಿಧಾನದ ದನಿ.

"ಮಾಲೀಕರೇ, ಮುಂದಿನ ತಿಂಗಳಿಂದ ಬಾಡಿಗೆ ಎಷ್ಟು?"

ಮಾಲೀಕರ ಮನೆಯೊಳಗೆ ಏನೋ ಪಾತ್ರೆ ಬಿದ್ದ ಸದ್ದಾಯಿತು.

"ಹಳೇದೇ ಇರ್ಲಿ," ಎಂದಿತು ಕೊನೆಗೆ ಅವರ ದನಿ.

"ಯಾರಿಗೆ?"

"ನಿಮಗೆ."

"ಟೀಚರಮ್ಮನಿಗೆ?"

"ಅವರಿಗೂ."

"ಮೇಷ್ಟ್ರ ಮನೆಗೆ?"

"ನೋಡಮ್ಮಾ, ಎಲ್ಲರಿಗೂ ಅಂದ್ರೆ ನಾನು ಹೇಗೆ—"

"ಸಾರ್," ಎಂದಳು ಅಕ್ಕ ಪೇದೆಗೆ, "ದೂರಲ್ಲಿ ಹೆಸರು ಬದಲಾಯಿಸೋಕೆ ಬೆಳಕು ಬೇಕಾ? ಟಾರ್ಚು ಇದೆ ನಮ್ಮನೇಲಿ."

"ಎಲ್ಲರಿಗೂ," ಎಂದರು ಮಾಲೀಕರು. "ಹಳೇ ಬಾಡಿಗೆ. ಎಲ್ಲರಿಗೂ."

"ಬಿಟ್ಟು ಹೋಗಿ ಅನ್ನೋ ಮಾತು?"

"ಅನ್ನಲ್ಲ."

"ಜೋರಾಗಿ ಹೇಳಿ. ಇಲ್ಲಿ ಕೇಳಿಸ್ತಿಲ್ಲ."

"ಅನ್ನಲ್ಲಮ್ಮಾ."

"ರೀ, ಈಗ ಹಾಕಿ," ಎಂದಳು ಅಕ್ಕ.

ಬೆಳಕು ಬಂತು. ಟೀಚರಮ್ಮ ಹೆಣಿಗೆ ಕೆಳಗಿಟ್ಟು ಕಣ್ಣೊರೆಸಿಕೊಳ್ಳುತ್ತಿದ್ದರು. ಅವರ ಹತ್ತಿರ ಈರುಳ್ಳಿ ಇರಲಿಲ್ಲ. ಮೇಷ್ಟ್ರು ಬೆಂಚಿನ ಮೇಲೇ ಎದ್ದು ನಿಂತಿದ್ದರು. ದೊಡ್ಡ ಭಾವ ಉಳಿದ ಬಾಳೆಹಣ್ಣನ್ನೆಲ್ಲ ಪೇದೆಯ ಕೈಗೆ ತುರುಕಿದರು. ನಮ್ಮಕ್ಕ ಮಾತ್ರ ಆಗಲೇ ಮೆಷೀನಿಗೆ ಬಗ್ಗಿದ್ದಳು. ದಾರದ ತುದಿ ಸೂಜಿಗೆ ಹೋಗದೆ ಎರಡು ಸಲ ತಪ್ಪಿತು. ಕತ್ತಲಲ್ಲಿ ಆ ದನಿಯಲ್ಲಿ ಮಾತಾಡಿದವಳು ಒಳಗೊಳಗೆ ಎಷ್ಟು ಹೆದರಿದ್ದಳು ಎಂದು ಅದನ್ನು ನೋಡಿದ ಮೇಲೆ ನನಗೆ ಗೊತ್ತಾಯಿತು. ಸೂಜಿಗೆ ದಾರ ನಾನೇ ಪೋಣಿಸಿ ಕೊಟ್ಟೆ.

ಮರುದಿನ ಬೆಳಿಗ್ಗೆ ಮಾಲೀಕರು ಒಬ್ಬ ಎಲೆಕ್ಟ್ರಿಷಿಯನ್‌ನನ್ನು ಕಳಿಸಿದರು, ತಂತಿಯನ್ನು ತಮ್ಮ ಮೀಟರಿಗೆ ಬದಲಾಯಿಸಲು. ಭಾವ ಖುಷಿಯಿಂದ ಏಣಿ ಹಿಡಿಯಲು ಓಡಿದರು. ಅಷ್ಟು ಯೂನಿಟ್ಟು ಉಳಿತಾಯವೆಂದರೆ ಸಾಮಾನ್ಯವೇ? ಅಕ್ಕ ಬಾಗಿಲಲ್ಲಿ ಅಡ್ಡ ನಿಂತಳು.

"ಬೇಡಪ್ಪಾ. ಹಾಗೇ ಇರ್ಲಿ. ಬಲ್ಬು ಮಾತ್ರ ತೆಗೆದು ಚಿಕ್ಕದು ಹಾಕು. ಒಂದು ಸ್ವಿಚ್ಚು ಕೂಡಿಸು, ನಮ್ಮ ಬಾಗಿಲ ಪಕ್ಕ."

"ಏನೇ ಇದು, ಹುಚ್ಚಾ?" ಎಂದರು ಭಾವ. "ಅವನು ಕೊಡ್ತೀನಿ ಅಂದ್ರೂ ನಾವ್ಯಾಕೆ ಕೊಡೋದು?"

"ಲೈಟು ಯಾರದೋ ಜಾಗಾನೂ ಅವರದೇ ಅಂತ ಮಾಲೀಕರೇ ಪೊಲೀಸರ ಮುಂದೆ ಹೇಳಿದಾರೆ. ಬಿಲ್ಲು ನಮ್ಮ ಹೆಸರಲ್ಲಿ ಬರ್ಲಿ. ಒಳಗೆ ಮೆಷೀನಿಗೆ ಜಾಗ ಸಾಲ್ದೆ ನಾನು ಎಷ್ಟು ಬಟ್ಟೆ ವಾಪಸ್ ಕಳಿಸಿದೀನಿ ಗೊತ್ತಾ ನಿಮಗೆ?"

ಭಾವ ಲೆಕ್ಕ ಹಾಕಲು ಬೆರಳು ಎತ್ತಿದರು. ಅರ್ಧದಲ್ಲೇ ಬೆರಳು ಮಡಿಚಿ, ಏಣಿ ಹಿಡಿಯಲು ಹೋದರು.

ಅಂದಿನಿಂದ ಮೆಷೀನು ಮೆಟ್ಟಿಲ ತಿರುವಿನಲ್ಲೇ ಇದೆ. ಪಕ್ಕದಲ್ಲಿ ಬಟ್ಟೆಯ ಮೂಟೆ, ಎದುರಿಗೆ ಗಿರಾಕಿ ಕೂರಲು ಮೇಷ್ಟ್ರ ಬೆಂಚು. ಮಾಲೀಕರು ಟೆರೇಸಿನ ನೀರಿನ ಟ್ಯಾಂಕು ನೋಡಲು ದಿನಕ್ಕೊಮ್ಮೆ ಮೇಲೆ ಹೋಗಬೇಕು. ದಾರಿ ಅದೊಂದೇ. ಮೊನ್ನೆಯೂ ಬಂದರು. ಮೆಷೀನಿಗೂ ಗೋಡೆಗೂ ನಡುವೆ ಒಂದು ಉದ್ದನೆಯ ಪರದೆ ಹರಡಿತ್ತು.

"ಸ್ವಲ್ಪ ದಾರಿ ಬಿಡಮ್ಮಾ," ಎಂದರು.

ಅಕ್ಕ ತಲೆಯೆತ್ತಲಿಲ್ಲ. "ಈ ಅಂಚು ಮುಗೀಲಿ, ನಿಂತಿರಿ," ಎಂದಳು.

ಪರದೆ ಉದ್ದವಾಗಿತ್ತು. ಮಾಲೀಕರು ಕಂಬಿ ಹಿಡಿದುಕೊಂಡು ನಿಂತರು.